ಗೌರಿ ಹಸುವಿನ ಲಾಭ-ನಷ್ಟ

ವ್ಯವಹಾರ ಅಧ್ಯಯನದ ಪಾಠವನ್ನು ಪುಸ್ತಕದೊಳಗೇ ಮುಚ್ಚಿಟ್ಟರೆ ಯಾವ ತಾಪತ್ರಯವೂ ಇಲ್ಲ. ಅದು ಮಕ್ಕಳ ಜೊತೆ ಮನೆಗೆ ಹೋಯಿತೋ, ಮಾರನೇ ದಿನ ಏನಾದರೊಂದು ಫಜೀತಿ ಸ್ಕೂಲಿನ ಗೇಟಿಗೆ ಬಂದು ನಿಂತಿರುತ್ತದೆ. ಅನುಗೊಂಡನಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಟೀಚರು. ಪಾಠ ಮಾಡಿ ಸುಮ್ಮನಿರೋ ಜಾಯಮಾನ ನನ್ನದಲ್ಲ. ಹೇಳಿಕೊಟ್ಟದ್ದು ಆ ಮನೆಗಳಲ್ಲಿ ಏನಾಗುತ್ತೆ ಅಂತ ನೋಡೋ ಕುತೂಹಲ. ಆ ಕುತೂಹಲಕ್ಕೆ ಹೋದ ವರ್ಷ ಒಂದು ಹಸುವೇ ಮಾರಾಟವಾಗೋದರಲ್ಲಿತ್ತು.

ಬೇಕೇ ಬೇಕು, ಬರೀ ಆಸೆ

ಒಂಬತ್ತನೇ ತರಗತಿಗೆ ಮನೆಗೆಲಸ ಕೊಟ್ಟೆ. ಮನೆಯಲ್ಲಿ ಇರೋದರಲ್ಲಿ ಯಾವುದು ಬೇಕೇ ಬೇಕು, ಯಾವುದು ಬರೀ ಆಸೆಗೆ ಇಟ್ಟುಕೊಂಡಿರೋದು, ಎಲ್ಲರೂ ಕೂತು ಮಾತಾಡಿ ಎರಡು ಲಿಸ್ಟು ಮಾಡಿಕೊಂಡು ಬನ್ನಿ ಅಂದೆ. ಎಲ್ಲರೂ ಕೂತು ಅಂತ ಯಾಕಾದರೂ ಅಂದೆನೋ!

ಮಾರನೇ ದಿನ ಒಬ್ಬ ಹುಡುಗ ಎದ್ದು ನಿಂತ. "ಅಮ್ಮ ಮಿಕ್ಸಿ ಬೇಕೇ ಬೇಕು ಅಂದ್ರು ಮಿಸ್. ಅಪ್ಪ, ಒರಳುಕಲ್ಲು ಐತಲ್ಲ ಅಂದ್ರು. ಇವತ್ತು ನಮ್ಮನೇಲಿ ತಿಂಡಿ ಆಗಿಲ್ಲ."

ಹಿಂದಿನ ಬೆಂಚಿನ ಹುಡುಗಿ ಮಾತ್ರ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಏನಾಯ್ತೇ ಅಂದರೆ, "ಅಪ್ಪ ಗೌರಿನ ಆಸೆ ಲಿಸ್ಟಿಗೆ ಹಾಕ್ಬಿಟ್ರು ಮಿಸ್" ಅಂದಳು.

ಗೌರಿ ಅವರ ಮನೆ ಹಸು. ಅವಳ ಅಪ್ಪ ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿರೋದು. ಹಸು ಮಾರಿಬಿಡೋಣ ಅಂತ ಅವರು ಮೊದಲಿಂದಲೂ ಹೇಳುತ್ತಿದ್ದರಂತೆ, ಅಜ್ಜಿ ಬಿಟ್ಟಿರಲಿಲ್ಲ. ಈಗ ನನ್ನ ಪಾಠ ಅವರಿಗೆ ಸಿಕ್ಕಿಬಿಟ್ಟಿತ್ತು. "ನಾನಲ್ಲ ಕಣವ್ವ ಹೇಳ್ತಿರೋದು, ಸ್ಕೂಲ್ ಪುಸ್ತಕದಲ್ಲೇ ಐತೆ" ಅಂದು ದಲ್ಲಾಳಿಗೆ ಫೋನೂ ಮಾಡಿದ್ದರು.

"ಅಜ್ಜಿ ಏನಂದ್ರಮ್ಮ?" ಅಂದೆ.

"ಅಜ್ಜಿ ಅಪ್ಪನ್ನೇ ಆಸೆ ಲಿಸ್ಟಿಗೆ ಹಾಕಿದ್ರು ಮಿಸ್."

ಮಜ್ಜಿಗೆ ಅಂಗಡಿ

"ಗೌರಿ ದುಡಿದು ತೋರಿಸಿದ್ರೆ ಬೇಕೇ ಬೇಕು ಲಿಸ್ಟಿಗೆ ಬರ್ತಾಳಾ ಮಿಸ್?" ಅಂತ ಅವಳು ಕೇಳಿದಳು. ಬರದೆ ಇರ್ತಾಳೇನಮ್ಮ ಅಂದೆ. ಆ ವಾರವೇ ಸ್ಕೂಲ್ ಮೈದಾನದಲ್ಲಿ ಮಕ್ಕಳ ಸಂತೆ ಇತ್ತು. ಮಕ್ಕಳು ಮನೆಯಿಂದ ಸೊಪ್ಪು, ನುಗ್ಗೆಕಾಯಿ, ಮೊಟ್ಟೆ ತಂದು ಮಾರೋದು, ಊರವರು ಬಂದು ಕೊಳ್ಳೋದು. ನಮ್ಮ ಹುಡುಗಿ ಗೌರಿಯ ಮಜ್ಜಿಗೆಯನ್ನು ದೊಡ್ಡ ಕೊಳಗದ ತುಂಬ ತಂದಳು. ಶುಂಠಿ ಜಜ್ಜಿ ಹಾಕಿ, ಕೊತ್ತಂಬರಿ ಉದುರಿಸಿ, ಲೋಟಕ್ಕೆ ಹತ್ತು ರೂಪಾಯಿ ಅಂತ ಬೋರ್ಡೂ ಬರೆದಿಟ್ಟಳು.

ಏನು ಜನ ಅಂತೀರಿ! ಬಿಸಿಲಿಗೆ ನೆತ್ತಿ ಕಾದಿತ್ತು, ಕುಡಿದವರೇ ಇನ್ನೊಂದು ಲೋಟ ಕೇಳಿದರು. ನೋಡನೋಡುತ್ತಾ ಕೊಳಗ ಖಾಲಿ. ಗೌರಿ ಉಳಿದಳು ಅಂತ ನಾನು ಓಡಿಹೋಗಿ ಗಲ್ಲಾ ಡಬ್ಬಿ ತೆರೆದರೆ, ಒಳಗೆ ಒಂದೇ ಒಂದು ಹತ್ತು ರೂಪಾಯಿ ನೋಟು.

"ಬಾಕಿ ಕಾಸೆಲ್ಲಿ?"

"ಊರೋರ ಹತ್ರ ಮಜ್ಜಿಗೆಗೆ ಕಾಸು ಈಸ್ಕೋಬಾರ್ದು ಮಿಸ್. ಹಸು ಕೆಚ್ಚಲು ಬತ್ತೋಗ್ತದೆ ಅಂತ ಅಜ್ಜಿ ಹೇಳವ್ರೆ."

"ಮತ್ತೆ ಈ ನೋಟು?"

"ಅದು ಹೆಡ್ಮಾಸ್ಟ್ರದು. ಅವ್ರು ಕೆ.ಆರ್. ಪುರದೋರು, ದೋಷ ಇಲ್ಲ."

ಜಗಲಿ ಮೇಲಿನ ಪಾಠ

ಸಂತೆಗೆ ಬಂದಿದ್ದ ಅವಳ ಅಪ್ಪ ಆ ಡಬ್ಬಿಯನ್ನು ನೋಡೇಬಿಟ್ಟಿದ್ದರು. ನನ್ನ ಹತ್ತಿರ ಬಂದು, "ಮೇಡಂ, ಸೋಮವಾರ ದಲ್ಲಾಳಿ ಬರ್ತಾನೆ. ಭಾನುವಾರ ನೀವೊಂದ್ಸಲ ಮನೆಗೆ ಬಂದು ನಮ್ಮವ್ವಂಗೆ ತಿಳಿಸಿ ಹೇಳಿ" ಅಂದರು. ಮಾಡಿದ್ದುಣ್ಣೋ ಮಹರಾಯ ಅಂತ ಹೋದೆ.

ಹುಡುಗಿ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಈ ಕಡೆ ಆದಾಯ, ಆ ಕಡೆ ಖರ್ಚು ಬರೆದಳು. ಗೌರಿ ಹೊಂಗೆ ಮರದ ಕೆಳಗೆ ಮೆಲುಕು ಹಾಕುತ್ತಾ ನಿಂತಿತ್ತು. ಆದಾಯ ಅಂದರೆ ಡೈರಿಗೆ ಹಾಕಿದ ಹಾಲು, ಅಷ್ಟೇ. ಖರ್ಚಿನ ಕಡೆ ಹಿಂಡಿ, ಬೂಸಾ, ಡಾಕ್ಟರು. ಹುಲ್ಲು ಕುಯ್ಯುತ್ತಿದ್ದ ಬಯಲೆಲ್ಲ ಲೇಔಟ್ ಆಗಿ, ಮೇವಿಗೂ ದುಡ್ಡು. ಬರೀತಾ ಬರೀತಾ ಅವಳ ಕೈ ನಿಧಾನವಾಯಿತು. ಆದರೂ ಕೂಡಿದ್ದು ಸರಿಯಾಗೇ ಕೂಡಿದಳು. ಅವಳ ಮೇಲೆ ಹೆಮ್ಮೆಯಾಯಿತು, ನನ್ನ ಮೇಲೆ ಸಿಟ್ಟು ಬಂತು.

"ನಷ್ಟ" ಅಂದರು ಅಪ್ಪ, ಮೆಲ್ಲಗೆ. "ನಾನೇನು ಗೌರಿಗೆ ಶತ್ರುನಾ ಮೇಡಂ? ಫಸ್ಟ್ ಶಿಫ್ಟ್ ದಿನ ಸಗಣಿ ಬಾಚಿಟ್ಟು ಹೋದ್ರೆ, ಪಕ್ಕದ ಮಿಷಿನ್ನೋನು ಮೂಗು ಮುಚ್ಕೋತಾನೆ."

ಅಜ್ಜಿ ಅಲ್ಲಿಯವರೆಗೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. "ಈ ಲೆಕ್ಕ ಹಸುಗೊಂದೇನಾ ಟೀಚರಮ್ಮ, ಎಲ್ಲಾದಕ್ಕೂ ನಡೀತದಾ?" ಅಂತ ಕೇಳಿದರು.

"ಎಲ್ಲಾದಕ್ಕೂ ನಡೆಯುತ್ತೆ ಅಜ್ಜಿ."

"ಹಂಗಾರೆ ಆ ಬೈಕ್ನೂ ಬರಿ ಮಗಾ."

ಗೌರಿಯ ಪಕ್ಕದಲ್ಲೇ ಅಪ್ಪನ ಬೈಕು ನಿಂತಿತ್ತು, ಸೀಟಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ. ಹುಡುಗಿ ಪೆಟ್ರೋಲು, ಇನ್ಶೂರೆನ್ಸು, ಬ್ಯಾಂಕಿನ ಕಂತು ಅಂತ ಒಂದೊಂದಾಗಿ ಬರೆದಳು. ಖರ್ಚು ಜಗಲಿಯ ತುದಿ ಮುಟ್ಟಿತು.

"ಆದಾಯ?" ಅಂದರು ಅಜ್ಜಿ.

"ಅದ್ರಲ್ಲೇ ಅಲ್ವೇನವ್ವ ನಾನು ಕೆಲಸಕ್ಕೆ ಹೋಗೋದು?"

"ಕಂಪ್ನಿ ಬಸ್ಸಲ್ಲಿ ಹೋಗ್ತೀಯ ಕಣಪ್ಪ, ಬೈಕಲ್ಲಿ ಹೋಗೋದು ಬಿರಿಯಾನಿಗೆ. ಹೋಗ್ಲಿ, ಈಗ ಮಾರಿದ್ರೆ ಕೊಟ್ಟ ರೇಟು ಬರ್ತದಾ?"

"ಎಲ್ಲಿ ಬರ್ತದವ್ವ. ಅರ್ಧಾನೂ ಬರಲ್ಲ."

"ಗೌರಿ ಬಂದ್ಮೇಲೆ ಮೂರು ಕರ ಹಾಕವ್ಳೆ. ನಿನ್ ಬೈಕು ಬಂದು ಎರಡು ವರ್ಷ ಆಯ್ತು. ಒಂದು ಮರಿ ಸ್ಕೂಟ್ರಾದ್ರೂ ಹಾಕ್ತೇನಪ್ಪ?"

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅಪ್ಪ ಸಹಾಯಕ್ಕೆ ನನ್ನ ಮುಖ ನೋಡಿದರು. ವಸ್ತು ಹಳೆಯದಾದಷ್ಟೂ ಬೆಲೆ ಇಳಿಯುತ್ತೆ ಅನ್ನೋ ಸವಕಳಿಯ ಪಾಠವೊಂದಿದೆ, ಅದನ್ನು ತೆಗೆದರೆ ಅವರಿಗೇ ಇನ್ನಷ್ಟು ಕಷ್ಟ.

ಹುಡುಗಿಗೆ ಮಾತ್ರ ನಗು ಬಂದಿರಲಿಲ್ಲ. ಎರಡು ಲೆಕ್ಕವನ್ನೂ ಇನ್ನೊಂದು ಸಲ ನೋಡಿ ಕೇಳಿದಳು: "ಅಪ್ಪ, ಹಂಗಾದ್ರೆ ನಾಳೆ ದಲ್ಲಾಳಿಗೆ ಯಾವುದನ್ನ ತೋರಿಸ್ಬೇಕು?"

ಅಪ್ಪ ಹಸುವನ್ನು ನೋಡಿದರು, ಬೈಕನ್ನು ನೋಡಿದರು. ಆಮೇಲೆ ಜೇಬಿನಿಂದ ಫೋನ್ ತೆಗೆದು ದಲ್ಲಾಳಿಗೆ ಬರೋದು ಬೇಡ ಅಂದರು. ಮಗಳು ಎದ್ದು ಗೌರಿಯ ಕುತ್ತಿಗೆ ತಬ್ಬಿಕೊಂಡಳು.

"ನೋಡವ್ವ, ಇನ್ಮೇಲೆ ನಾನು ಹಸು ಸುದ್ದಿಗೆ ಬರಲ್ಲ" ಅಂದರು ಅಪ್ಪ. "ನೀವ್ಯಾರೂ ನನ್ನ ಬೈಕ್ ಸುದ್ದಿಗೆ ಬರ್ಬೇಡಿ. ಮೇಡಂ, ನಿಮಗೂ ಸೇರಿಸೇ ಹೇಳ್ತಿರೋದು."