ತೊಳೆದ ಡಬ್ಬಿ, ಬಾಯಿಪಾಠದ ಬೋರ್ಡು

ಕಣ್ಣಿನ ಡಾಕ್ಟರ ಮುಂದೆ ಜನ ಅಳುವುದೇ ಹೆಚ್ಚು. ಆದರೂ ವಿಜಯನಗರದ ನನ್ನ ಪುಟ್ಟ ಕ್ಲಿನಿಕ್ಕಿನಲ್ಲಿ ನಗೆಪ್ರಸಂಗಗಳಿಗೆ ಬರವಿಲ್ಲ. ಈ ಮೂರೂ ಒಬ್ಬ ತಾಯಿ-ಮಗಳವು. ನೆನೆದರೆ ನಗು ಬರುತ್ತದೆ, ಜೊತೆಗೇ ಅಳುವೂ.

೧. ಡಬ್ಬಿ

ಮಗಳು ಅತ್ತಿಗುಪ್ಪೆಯ ಶಾಲೆಯೊಂದರಲ್ಲಿ ಟೀಚರ್. ಕನ್ನಡಕ ಬೇಡವೆಂದು ಲೆನ್ಸ್ ಹಾಕುತ್ತಿದ್ದಳು. ಅದನ್ನು ತೊಳೆಯುವ ಲಿಕ್ವಿಡ್ ಮುಗಿದಾಗ ನಲ್ಲಿ ನೀರಲ್ಲೇ ತೊಳೆದಿದ್ದಳು. ಬಲಗಣ್ಣು ಕೆಂಡದಂತೆ ಕೆಂಪಾಗಿ ನೋವು ತಡೆಯಲಾಗುತ್ತಿರಲಿಲ್ಲ. ಮೆಡಿಕಲ್ ಶಾಪಿನವನು ಮದ್ರಾಸ್ ಐ ಎಂದು ಹನಿ ಕೊಟ್ಟು ಮೂರು ವಾರ ಹಾಳು ಮಾಡಿದ್ದ. ನೀರಿನ ಅಮೀಬಾ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ಹೊಕ್ಕಿದೆ ಎಂದು ನನಗೆ ಅನುಮಾನ. ಲೆನ್ಸಿನ ಡಬ್ಬಿ ಇದ್ದ ಹಾಗೇ ತನ್ನಿ, ಲ್ಯಾಬಿಗೆ ಕಳಿಸಬೇಕು ಎಂದೆ.

ಮರುದಿನ ತಾಯಿ ತಂದ ಡಬ್ಬಿ ಫಳಫಳ ಹೊಳೆಯುತ್ತಿತ್ತು.

"ಸೋಪು ಹಾಕಿ ತಿಕ್ಕಿ, ಬಿಸಿನೀರಲ್ಲಿ ಕುದಿಸಿದೀನಿ ಮೇಡಂ. ಒಳಗೆಲ್ಲ ಲೋಳೆ ಇತ್ತು. ಅಂಥ ಗಲೀಜನ್ನ ನಿಮ್ಮ ಕೈಗೆ ಹೇಗೆ ಕೊಡ್ಲಿ?"

ನನಗೆ ಬೇಕಿದ್ದದ್ದು ಆ ಗಲೀಜೇ.

೨. ಹನಿ

ಕೊನೆಗೆ ಕಣ್ಣನ್ನೇ ಮೆಲ್ಲಗೆ ಕೆರೆದು ಪರೀಕ್ಷೆಗೆ ಕಳಿಸಿದೆ. ಅಮೀಬಾವೇ. ಹಗಲೂ ರಾತ್ರಿ ಗಂಟೆಗೊಮ್ಮೆ ಹನಿ ಹಾಕಬೇಕಿತ್ತು. ತಾಯಿ ಒಂದನ್ನೂ ತಪ್ಪಿಸಲಿಲ್ಲ. ಮೂರನೇ ದಿನ ನಿದ್ದೆಗೆಟ್ಟು ಅವರ ಕಣ್ಣು ಮಗಳ ಕಣ್ಣಿಗಿಂತ ಕೆಂಪಾಗಿತ್ತು. ನಮ್ಮ ಹೊಸ ನರ್ಸ್ ನೋಡಿದವಳೇ ಇವರೇ ರೋಗಿ ಎಂದುಕೊಂಡು ತಾಯಿಯನ್ನು ಕೂರಿಸಿ, ತಲೆ ಹಿಂದಕ್ಕೆ ಬಗ್ಗಿಸಿ, ಹನಿ ಹಾಕಿಬಿಟ್ಟಳು. ಬೇಡ ಅನ್ನಬಾರದಿತ್ತೇ ಎಂದು ನಾನು ತಾಯಿಯ ಮೇಲೆ ರೇಗಿದೆ.

"ಐದು ನಿಮಿಷ ಕಣ್ಣು ಮುಚ್ಕೊಂಡಿರಿ ಅಂದ್ರು ಮೇಡಂ. ಅಷ್ಟು ಸಾಕಾಗಿತ್ತು ನಂಗೆ."

೩. ಬೋರ್ಡು

ತಿಂಗಳುಗಟ್ಟಲೆ ಔಷಧಿಗೆ ಅಮೀಬಾ ಸತ್ತಿತು, ಬಿಳಿ ಕಲೆ ಉಳಿಯಿತು. ಬಲಗಣ್ಣಿಗೆ, ದೃಷ್ಟಿ ಪರೀಕ್ಷೆಗೆ ಓದಿಸುವ ಬೋರ್ಡಿನ ಎಲ್ಲಕ್ಕಿಂತ ದೊಡ್ಡ ಅಕ್ಷರವೂ ಕಾಣುತ್ತಿರಲಿಲ್ಲ. ಇನ್ನೂ ಬೇಗ ಗೊತ್ತಾಗಿದ್ದರೆ ಎಂಬ ಕೊರಗು ನನ್ನನ್ನು ಬಿಟ್ಟಿಲ್ಲ.

ಮೊನ್ನೆ ಬಂದವಳು ಕುರ್ಚಿಯಲ್ಲಿ ಕೂರುತ್ತಲೇ ಎಡಗಣ್ಣು ಮುಚ್ಚಿಕೊಂಡು, ಕೊನೆಯ ಸಾಲಿನವರೆಗೂ ಇಂಗ್ಲಿಷ್ ಅಕ್ಷರಗಳನ್ನು ಪಟಪಟನೆ ಹೇಳಿದಳು. ನನ್ನ ಕಣ್ಣು ತುಂಬಿ ಬಂತು. ಆಮೇಲೆ ತಿರುಗಿ ಬೋರ್ಡು ನೋಡಿದೆ. ಅವಳಿಗಿಂತ ಮುಂಚೆ ಬಂದಿದ್ದ ಉಲ್ಲಾಳದ ಅಜ್ಜಿಗೆಂದು ಅದನ್ನು ಕನ್ನಡದ ಕಡೆಗೆ ತಿರುಗಿಸಿಟ್ಟಿದ್ದೆ.

ಯಾಕಮ್ಮ ಹೀಗೆ ಎಂದೆ. ಮಗಳು ತಲೆ ತಗ್ಗಿಸಿದಳು. ತಾಯಿ ಹೇಳಿದರು:

"ನಾನೇ ಬಾಯಿಪಾಠ ಮಾಡ್ಸಿದ್ದು ಮೇಡಂ. ಇವಳು ಕಾಣಲ್ಲ ಅಂದಾಗೆಲ್ಲ ನಿಮ್ಮ ಮುಖ ಸಪ್ಪಗಾಗುತ್ತೆ. ಇಷ್ಟು ಕಷ್ಟಪಟ್ಟಿದೀರಿ, ಒಂದು ಸಲನಾದ್ರೂ ನಿಮಗೆ ಖುಷಿ ಆಗ್ಲಿ ಅಂತ."

ದಾನಿಗಳ ಕಾರ್ನಿಯಾಕ್ಕೆ ಕಾಯುವವರ ಪಟ್ಟಿಯಲ್ಲಿ ಅವಳ ಹೆಸರು ಬರೆಯುತ್ತಾ ಕಣ್ಣೊರೆಸಿಕೊಂಡೆ. ಅದನ್ನು ನೋಡಿ ಟೀಚರ್ ಮೆಲ್ಲಗೆ ಸಮಾಧಾನ ಹೇಳಿದಳು:

"ಅಳಬೇಡಿ ಮೇಡಂ. ಮುಂದಿನ ಸಲ ಕನ್ನಡದ್ದೂ ಕಲ್ತ್ಕೊಂಡು ಬರ್ತೀನಿ."