ನಾಲ್ಕನೇ ಕೂಗಿಗೆ ಬರುವ ಭಾವ

ನಮ್ಮ ಭಾವನಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹರಿಹರದ ಅವರ ಓಣಿಯಲ್ಲಿ ಅರ್ಧ ಜನ ಅವರನ್ನು ಕಿವುಡರೆಂದೇ ತಿಳಿದಿದ್ದಾರೆ. ಕಾರಣ ಇಷ್ಟೆ: ನನ್ನ ಅಕ್ಕ "ರೀ" ಎಂದು ಕೂಗಿದರೆ ಅವರು ನಾಲ್ಕನೇ ಸಲಕ್ಕೆ ಬರುತ್ತಾರೆ. ಮೊದಲನೇ "ರೀ"ಗೆ ಕೂತಲ್ಲಿಂದ ಅಲುಗಾಡುವುದಿಲ್ಲ. ಎರಡನೆಯದಕ್ಕೆ "ಹೂಂ" ಎನ್ನುತ್ತಾರೆ, ಅದು ಅಕ್ಕನಿಗಲ್ಲ, ಎದುರಿಗಿರುವ ಕೆಲಸಕ್ಕೆ. ಮೂರನೆಯದಕ್ಕೆ ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸುತ್ತಾರೆ. ನಾಲ್ಕನೆಯದಕ್ಕೆ, "ಬಂದೆ, ಬಂದೆ, ಒಂದ್ಸಲ ಕರದ್ರೆ ಸಾಕಾಗಲ್ಲೇನು?" ಎಂದು ಏಳುತ್ತಾರೆ. ಮೂವತ್ತು ವರ್ಷದ ಸಂಸಾರ ಹೀಗೆಯೇ ನಡೆದಿತ್ತು. ಅಂಥವರು, ಗಂಟಲಿನ ಆಪರೇಷನ್ ಆದಮೇಲೆ ನಿಮ್ಮ ಮನೆಯವರಿಗೆ ಧ್ವನಿ ಇರುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ, ಹೆಂಡತಿಯ ಧ್ವನಿಯನ್ನು ಕಂಪ್ಯೂಟರಿನಲ್ಲಿ ಹಿಡಿದಿಡುತ್ತೇನೆ ಎಂದು ಹೊರಟರೆ ನಗಬೇಕೋ ಅಳಬೇಕೋ ನೀವೇ ಹೇಳಿ. ನಾನು ಎರಡನ್ನೂ ಮಾಡಿ ದಣಿದವನು.

ಆ ಕಂಪ್ಯೂಟರಿನ ಕಥೆ ಸ್ವಲ್ಪ ಹಿಂದಿನದು. ಭಾವ ಹರಿಹರದ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ವಿಭಾಗದಲ್ಲಿದ್ದರು. ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಗೆ ಬಂದರು. ಬೇರೆಯವರು ನಿವೃತ್ತಿಯಾದರೆ ವಾಕಿಂಗ್ ಹೋಗುತ್ತಾರೆ, ಇಲ್ಲವೇ ಮಠದ ಕಮಿಟಿ ಸೇರುತ್ತಾರೆ. ಇವರು ದಿನಾ ಬಸ್ ಹತ್ತಿ ದಾವಣಗೆರೆಗೆ ಬಂದು ಕಂಪ್ಯೂಟರ್ ಕ್ಲಾಸಿಗೆ ಸೇರಿದರು. ಪಿಯುಸಿ ಮುಗಿಸಿದ ಹುಡುಗಿಯರ ನಡುವೆ ಕೂತು ವಿಷುಯಲ್ ಬೇಸಿಕ್ ಎಂಬುದನ್ನು ಕಲಿತರು. ಕ್ಲಾಸ್ ಮುಗಿದ ಮೇಲೆ ನೇರವಾಗಿ ಮಂಡಿಪೇಟೆಯಲ್ಲಿರುವ ನನ್ನ ಬೆಲ್ಲದ ಅಂಗಡಿಗೆ ಬಂದು ಅವತ್ತಿನ ಪಾಠವನ್ನು ನನಗೆ ಒಪ್ಪಿಸಿ ಹೋಗುತ್ತಿದ್ದರು.

"ನೋಡಪ, ಭಾಳ ಸಸಾರ ಐತೆ ಇದು. ಪರದೆ ಮ್ಯಾಲೆ ಒಂದು ಬಟನ್ ಎಳದು ಕೂಡ್ರಿಸೋದು. ಒತ್ತಿದ್ರೆ ಏನಾಗಬೇಕು ಅಂತ ಹಿಂದೆ ಎರಡು ಸಾಲು ಬರೆಯೋದು. ಆತು, ಪ್ರೋಗ್ರಾಂ!"

"ಒತ್ತಿದ್ರೆ ಏನಾಗತೈತಿ ಭಾವ?"

"ನಾವು ಹೇಳಿದ್ದು ಆಗತೈತಿ."

ಮೂವತ್ತು ವರ್ಷ ಮೇಲಿನವರು ಹೇಳಿದ್ದನ್ನು ಮಾಡಿ ಬಂದ ಮನುಷ್ಯನಿಗೆ ತಾನು ಹೇಳಿದ್ದು ಆಗುತ್ತದೆ ಎಂದರೆ ಎಷ್ಟು ಸಂತೋಷವಾಗಿರಬೇಡ. ಆ ಸಂತೋಷವನ್ನು ಸಹಿಸುವ ಕೆಲಸ ನನ್ನ ಪಾಲಿಗೆ ಬಂತು. ಬಿಡಿಭಾಗ ಜೋಡಿಸಿದ ಕಂಪ್ಯೂಟರೊಂದು ಅವರ ಪಡಸಾಲೆಗೆ ಬಂದು ಕೂತಿತು. ಅಕ್ಕ ಅದಕ್ಕೆ ಕುಸುರಿ ಹಾಕಿದ ಮುಸುಕು ಹೊಲಿದಳು. ಅದರ ಮುಂದೆ ಚಪ್ಪಲಿ ಹಾಕಿಕೊಂಡು ನಿಲ್ಲುವ ಹಾಗಿರಲಿಲ್ಲ.

ಅವರ ಮೊದಲ ಪ್ರೋಗ್ರಾಂ ಚಹಾದ್ದು. ನಮ್ಮ ಕಡೆ ಮನೆಗೆ ಬಂದವರು ಚಹಾ ಬೇಡ ಎಂದರೆ ಬೇಡವೆಂದಲ್ಲ. ಮೊದಲೆರಡು "ಬ್ಯಾಡ" ಮರ್ಯಾದೆಗೆ, ಮೂರನೆಯದು ಮಾತ್ರ ನಿಜವಾದದ್ದು. ಭಾವ ಇದನ್ನೆಲ್ಲ ಲೆಕ್ಕ ಹಾಕಿ ಪರದೆಯ ಮೇಲೆ "ಚಹಾ ಕುಡೀತೀರಾ?" ಎಂಬ ಪ್ರಶ್ನೆ, ಕೆಳಗೆ "ಹೂಂ", "ಬ್ಯಾಡ" ಎಂಬ ಎರಡು ಬಟನ್ ಇಟ್ಟರು. ಎರಡು ಸಲ "ಬ್ಯಾಡ" ಒತ್ತಿದರೂ ಅದು ಮತ್ತೆ ಕೇಳಬೇಕು, ಮೂರನೇ ಸಲ ಬಿಡಬೇಕು. ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಇರಲಿಲ್ಲವಾದ್ದರಿಂದ ಇದಿಷ್ಟೂ ಇಂಗ್ಲಿಷ್ ಅಕ್ಷರದಲ್ಲಿತ್ತು. ಮೊದಲು ಸಿಕ್ಕಿಬಿದ್ದವರು ಆವರಗೆರೆಯ ನಮ್ಮ ದೊಡ್ಡಪ್ಪ. ಅವರಿಗೆ ಇಂಗ್ಲಿಷ್ ಬಾರದು, ಮೌಸ್ ಹಿಡಿಯಲೂ ಬಾರದು. ಆದ್ದರಿಂದ ಭಾವನೇ ಪ್ರಶ್ನೆ ಓದಿ ಹೇಳಬೇಕು, ದೊಡ್ಡಪ್ಪ ಉತ್ತರ ಹೇಳಬೇಕು, ಭಾವನೇ ಒತ್ತಬೇಕು. ಎರಡನೇ "ಬ್ಯಾಡ"ದ ಹೊತ್ತಿಗೆ ಅಕ್ಕ ಒಳಗಿನಿಂದ ಚಹಾ ತಂದುಕೊಟ್ಟಳು, ದೊಡ್ಡಪ್ಪ ಕುಡಿದು ಬಟ್ಟಲು ಕೆಳಗಿಟ್ಟರು. ಕಂಪ್ಯೂಟರ್ ಇನ್ನೂ ಕೇಳುತ್ತಲೇ ಇತ್ತು.

"ನಿಮ್ಮ ಭಾವಗ ಏನಾಗೈತಲೇ?" ಎಂದು ದೊಡ್ಡಪ್ಪ ಆಮೇಲೆ ನನ್ನನ್ನು ಕೇಳಿದರು.

ಆಮೇಲೆ ಕುಕ್ಕರಿನದು. ಬೇಳೆಗೆ ಎಷ್ಟು ಸೀಟಿ, ಅನ್ನಕ್ಕೆ ಎಷ್ಟು ಸೀಟಿ ಎಂದು ಎಣಿಸುವ ಪ್ರೋಗ್ರಾಂ. ಕಂಪ್ಯೂಟರಿಗೆ ಕಿವಿ ಇಲ್ಲವಲ್ಲ, ಅದಕ್ಕೆ ಪ್ರತಿ ಸೀಟಿಗೂ ಭಾವ ಬಟನ್ ಒತ್ತಬೇಕು. ಭಾವ ಕೆಲಸದಲ್ಲಿ ಮುಳುಗಿದರೆ ಅವರಿಗೂ ಸೀಟಿ ಕೇಳಿಸದು. ಆದ್ದರಿಂದ ಅಕ್ಕ ಅಡುಗೆಮನೆಯಿಂದ "ರೀ, ಒಂದಾತು... ರೀ, ಎರಡಾತು" ಎಂದು ಕೂಗಬೇಕು. ನಾಲ್ಕು ಸಲ ಕೂಗಿದರೆ ಒಂದು ಸೀಟಿ ಲೆಕ್ಕಕ್ಕೆ ಸೇರುತ್ತಿತ್ತು. ಆ ವಾರ ಅವರ ಮನೆಯಲ್ಲಿ ಬೇಳೆ ಗಂಜಿಯಾಯಿತು.

ನನ್ನನ್ನೂ ಬಿಡಲಿಲ್ಲ. ಅಂಗಡಿಗೆ ಗಿರಾಕಿ ಬಂದಾಗ ಬಟನ್ ಒತ್ತಿದರೆ "ಬರ್ರಿ, ಕೂಡ್ರಿ, ಯಾವ ಬೆಲ್ಲ ಬೇಕಿತ್ತು?" ಎಂದು ಅಕ್ಕನ ಧ್ವನಿ ಹೇಳುವ ಪ್ರೋಗ್ರಾಂ ಮಾಡಿ, ಒಂದು ಫ್ಲಾಪಿಗೆ ಹಾಕಿ ತಂದುಕೊಟ್ಟರು. ಅವರು ಧ್ವನಿ ಹಿಡಿದದ್ದು ಅದೇ ಮೊದಲು.

"ಭಾವ, ನನ್ನ ಅಂಗಡ್ಯಾಗ ಕಂಪ್ಯೂಟರ್ ಎಲ್ಲೈತೆ?"

"ಇವತ್ತಿಲ್ಲ. ನಾಳೆ ಬರತೈತಿ. ಇಟ್ಕೊಂಡಿರು."

ಬೆಲ್ಲದ ಅಂಗಡಿಯೆಂದಮೇಲೆ ನೊಣ ತಪ್ಪಿದ್ದಲ್ಲ. ಆ ಫ್ಲಾಪಿ ಬೀಸುವುದಕ್ಕೆ ಹಗುರವಾಗಿ, ಹೊಡೆಯುವುದಕ್ಕೆ ಗಟ್ಟಿಯಾಗಿ ಇತ್ತು. ಒಂದು ವರ್ಷ ಅದರಲ್ಲೇ ನೊಣ ಓಡಿಸಿದೆ.

ಆ ವರ್ಷದ ಕೊನೆಗೆ ಅಕ್ಕನ ಧ್ವನಿ ಒಡೆಯಿತು. ನೆಗಡಿ ಎಂದುಕೊಂಡೆವು. ಕಷಾಯ ಕುಡಿದಳು, ಉಕ್ಕಡಗಾತ್ರಿಗೆ ಹೋಗಿ ಹರಕೆ ಹೊತ್ತು ಬಂದಳು, ಕೊನೆಗೆ ದಾವಣಗೆರೆಯ ಆಸ್ಪತ್ರೆಗೆ ಕರೆದುಕೊಂಡು ಬಂದೆವು. ಗಂಟಲಲ್ಲಿ ಗಂಟಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅಕ್ಕನೇ ಮೊದಲು ಮಾತಾಡಿದ್ದು. "ಇವ್ರಿಗೆ ಇನ್ನ ಹಬ್ಬ ಬಿಡು. ಯಾರೂ ಕರಿಯೋರಿಲ್ಲ," ಎಂದಳು ಒಡಕು ಧ್ವನಿಯಲ್ಲಿ. ನಾನು ನಕ್ಕೆ. ಭಾವ ನಗಲಿಲ್ಲ. ಗೋಡೆ ನೋಡುತ್ತ, "ನಲವತ್ತು ಬಟನ್ ಸಾಕಾಗಬಹುದು," ಎಂದರು.

ಆಪರೇಷನ್ನಿಗೆ ಹನ್ನೆರಡು ದಿನ ಇತ್ತು. ಭಾವ ಪಟ್ಟಿ ಮಾಡಿದರು: ನೀರು, ಚಹಾ, ಹಸಿವು, ನೋವು, ಔಷಧಿ, ಬಾಗಿಲು, ದೀಪ, ಫ್ಯಾನು, ಹಾಲಿನವನು, ಕರೆಂಟ್ ಹೋತು, ಹೀಗೆ ನಲವತ್ತು. ಅಕ್ಕ ಮೈಕಿನ ಮುಂದೆ ಕೂತು ಒಂದೊಂದನ್ನೂ ಹೇಳಬೇಕು. ಆಪರೇಷನ್ ಆದಮೇಲೆ ಬಟನ್ ಒತ್ತಿದರೆ ಅವಳ ಧ್ವನಿಯಲ್ಲೇ ಮಾತು ಬರಬೇಕು. ನನ್ನ ಕೆಲಸ ಗೇಟಿನ ಹತ್ತಿರ ನಿಂತು ತರಕಾರಿಯವರನ್ನೂ ಹಳೇ ಪೇಪರಿನವರನ್ನೂ ಕೂಗದಂತೆ ತಡೆಯುವುದು. ಅಂಗಡಿಗೆ ಬೀಗ ಹಾಕಿ, ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ಬಿಸಿಲಲ್ಲಿ ಬೇರೆಯವರ ಬಾಯಿ ಮುಚ್ಚಿಸುವ ಕೆಲಸ! ಸಾಕುಸಾಕಾಗಿ ಹೋಯಿತು. ಒಳಗಿನಿಂದ ಗಂಡಹೆಂಡಿರ ಜಗಳ ಕೇಳಿಸುತ್ತಿತ್ತು.

"ಹೇಳು. ನೀರು."

"ರೀ, ನೀರು."

"ರೀ ಬ್ಯಾಡ. ಬರೇ ನೀರು ಅನ್ನು."

"ಬರೇ ನೀರು ಅಂದ್ರೆ ಯಾರಿಗೆ ಅಂದಂಗಾತು?"

"ಕಂಪ್ಯೂಟರಿಗೆ."

"ಕಂಪ್ಯೂಟರ್ ತಂದುಕೊಡತೈತೇನು ನೀರು?"

ಮತ್ತೆ ಹೇಳಿಸಿದರು. ಮತ್ತೆ "ರೀ, ನೀರು" ಎಂದೇ ಬಂತು. ನಲವತ್ತಕ್ಕೆ ನಲವತ್ತೂ ಹಾಗೇ. "ರೀ, ಚಹಾ," "ರೀ, ಕರೆಂಟ್ ಹೋತು." ಅವಳು ಬೇಕೆಂದು ಮಾಡುತ್ತಿರಲಿಲ್ಲ, ಬಾಯಿಗೆ ಅದೇ ಮೊದಲು ಬರುತ್ತಿತ್ತು. ಕೊನೆಗೆ ಭಾವ, "ಹೋಗ್ಲಿ, ಆ ರೀ ಎಲ್ಲಾ ಆಮ್ಯಾಲೆ ನಾನೇ ಕತ್ತರಿಸ್ಕೋತೀನಿ," ಎಂದು ಸುಮ್ಮನಾದರು.

ಆ ನಲವತ್ತಲ್ಲದೆ ಇನ್ನೊಂದು ಬಟನ್ ಇತ್ತು, ಅದು ಮಾತ್ರ ಖಾಲಿ ಉಳಿಯಿತು. ಅದು ಭಾವನನ್ನು ಕರೆಯುವ ಬಟನ್. ಅದಕ್ಕೆ ತಮ್ಮ ಹೆಸರನ್ನು ಹೇಳು ಎಂದು ಕೇಳಿದರು. ಅಕ್ಕ ಮೈಕ್ ಆಚೆ ಸರಿಸಿದಳು. "ಲಗ್ನದಾಗ ಎಲ್ಲಾರೂ ತಡದು ನಿಲ್ಲಿಸಿದಾಗ ಒಡಪಿನ ಪದ ಕಟ್ಟಿ ಅದರಾಗ ಒಂದ್ಸಲ ಹೇಳೀನಿ. ಮತ್ತ ಹೇಳಲ್ಲ." ಗಂಡನ ಹೆಸರನ್ನು ಹೆಂಡತಿ ಹೇಳಬಾರದೆಂಬ ಕಟ್ಟನ್ನು ಅವಳು ಗಂಟಲಿನ ಗಂಟಿಗೂ ಬಿಟ್ಟುಕೊಡಲಿಲ್ಲ. ಭಾವ ಆ ಬಟನ್ನಿಗೆ ಕಾರ್ಖಾನೆಯ ಸೈರನ್ನಿನಂಥ ಶಬ್ದ ಹಾಕಿದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಅಕ್ಕ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಮನೆಗೆ ಬಂದಳು. ಭಾವ ಕಂಪ್ಯೂಟರಿಗೆ ಹೂ ಏರಿಸಿ ಕಾದಿದ್ದರು. ಅಕ್ಕ ಒಂದು ದಿನ ಒತ್ತಿದಳು. "ನೀರು" ಎಂದಿತು. "ಚಹಾ" ಎಂದಿತು. ಕರೆಯುವ ಬಟನ್ ಒತ್ತಿದರೆ ಸೈರನ್ ಹೊಡೆದು ಪಕ್ಕದ ಮನೆಯವರು ಓಡಿಬಂದರು. ಮಾರನೇ ದಿನದಿಂದ ಅವಳು ಅದರ ಹತ್ತಿರ ಸುಳಿಯಲಿಲ್ಲ. ಬೇಕಾದಾಗ ಸೌಟಿನಿಂದ ತಟ್ಟೆ ಬಡಿಯುತ್ತಿದ್ದಳು, ಬರಬರುತ್ತ ಅದನ್ನೂ ಬಿಟ್ಟಳು. ತಾನೇ ಎದ್ದು ನೀರು ಕುಡಿಯುವುದು, ತಾನೇ ದೀಪ ಹಾಕುವುದು. ಯಾರನ್ನೂ ಏನೂ ಕೇಳದೆ ಗೋಡೆಗೆ ಮುಖ ಮಾಡಿ ಕೂಡುವುದು.

ನಾನು ಹೋದಾಗ ಭಾವ ನಲವತ್ತು ಬಟನ್ನಿನ ಬಣ್ಣ ಬದಲಾಯಿಸುತ್ತಿದ್ದರು. ಕೆಂಪು ಆಕೆಗೆ ಸೇರಿಲ್ಲವೇನೋ ಎಂದು ಅವರ ಅನುಮಾನ. ನನಗೆ ತಲೆ ಕೆಟ್ಟಿತು. ಅಕ್ಕನ ಪಕ್ಕ ಕೂತು ಸ್ಲೇಟು ಕೊಟ್ಟು ಕೇಳಿದೆ, "ಯಾಕ ಒತ್ತವಲ್ಲಿ? ಅವ್ರು ಎಷ್ಟು ಕಷ್ಟಪಟ್ಟಾರ." ಅವಳು ಬಹಳ ಹೊತ್ತು ಬರೆದಳು. "ಅದು ಬರೇ ನೀರು ನೀರು ಅಂತೈತೆ. ಯಾರನ್ನೂ ಕರೆಯಲ್ಲ. ನಾನು ಹಂಗೆ ಯಾವತ್ತಾರ ಮಾತಾಡೀನಾ?"

ಸ್ಲೇಟನ್ನು ಭಾವನಿಗೆ ತೋರಿಸಿದೆ. ಓದಿದರು. ಮೌಸ್ ಬಿಟ್ಟರು. ಅಷ್ಟು ಮಾತಿನ ಮನುಷ್ಯ ಆ ದಿನ ಮೆಲ್ಲಗೆ ಹೇಳಿದ್ದು ಇಷ್ಟು: "ನಲವತ್ತು ಇದ್ವು. ನಲವತ್ತೂ ಕತ್ತರಿಸಿಬಿಟ್ಟೆ. ಪ್ರೋಗ್ರಾಂ ನೀಟಾಗಿರ್ಲಿ ಅಂತ." ಕತ್ತರಿಸಿದ್ದರ ಮೇಲೇ ಸೇವ್ ಮಾಡಿದ್ದರಿಂದ ಹಳೆಯದು ಒಂದೂ ಉಳಿದಿರಲಿಲ್ಲ. ಎಲ್ಲಾದರೂ ಅವಳ ಒಂದು "ರೀ" ಸಿಕ್ಕೀತೆಂದು ಮನೆಯಲ್ಲಿದ್ದ ಮದುವೆ ಕ್ಯಾಸೆಟ್ಟುಗಳನ್ನೆಲ್ಲ ಹಾಕಿ ಕೇಳಿದೆವು. ಬರೀ ವಾಲಗ. ಭಾವ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನಗೆ ಅವರ ಮೇಲೆ ಮೊದಲ ಸಲ ಸಿಟ್ಟು ಬರಲಿಲ್ಲ, ಸಂಕಟವಾಯಿತು.

ಆಗ ನೆನಪಾದದ್ದು ನನ್ನ ನೊಣ ಹೊಡೆಯುವ ಫ್ಲಾಪಿ. ಏನೂ ಹೇಳದೆ ಬಸ್ ಹತ್ತಿ ಮಂಡಿಪೇಟೆಗೆ ಬಂದೆ. ತಕ್ಕಡಿಯ ಪಕ್ಕದಲ್ಲೇ ಇತ್ತು, ಮೈಯೆಲ್ಲ ಬೆಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಕರವಸ್ತ್ರದಲ್ಲಿ ಸುತ್ತಿ, ಊಟದ ಹೊತ್ತಿಗೆ ಮತ್ತೆ ಹರಿಹರಕ್ಕೆ ತಂದೆ. ಭಾವ ಅದನ್ನು ಕಂಡು, "ಇದೇನೋ ಅಂಟು?" ಎಂದರು. ನಾನು ನಿಜ ಹೇಳಲಿಲ್ಲ. ಒಳಗೆ ಹಾಕಿದರೆ ಮೊದಲು ಕರಕರ ಎಂದಿತು, ತೆಗೆದು ಊದಿ ಮತ್ತೆ ಹಾಕಿದರು, ಓದಿತು. ಗಿರಾಕಿಯನ್ನು ಸ್ವಾಗತಿಸುವ ಮಾತಿಗೆ ಮೊದಲು ಅಕ್ಕನ ಧ್ವನಿ ಬಂತು. ಒಡೆಯುವುದಕ್ಕಿಂತ ಒಂದು ವರ್ಷ ಹಿಂದಿನ ಧ್ವನಿ, ಓಣಿಯ ತುದಿಗೆ ಕೇಳುವಂಥದ್ದು. "ರೀ, ಇದ್ಯಾಕ ಕೆಂಪು ದೀಪ ಹತ್ತೈತೆ?" ಆಗ ಭಾವನಿಗೆ ಕತ್ತರಿಸುವುದು ಇನ್ನೂ ಬರುತ್ತಿರಲಿಲ್ಲ, ಅದಕ್ಕೇ ಅದು ಉಳಿದುಕೊಂಡಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಕ್ಕ ಬಾಗಿಲಿಗೆ ಬಂದು ಕುತ್ತಿಗೆಯ ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಳು.

ಭಾವ ಆ ಮಾತಿನ ಮೊದಲಿಗಿದ್ದ "ರೀ" ಒಂದನ್ನೇ ತೆಗೆದು, ಸೈರನ್ ಕಿತ್ತುಹಾಕಿ, ಆ ಬಟನ್ನಿಗೆ ಜೋಡಿಸಿದರು. ಅಕ್ಕನನ್ನು ಕುರ್ಚಿಯಲ್ಲಿ ಕೂಡ್ರಿಸಿ, "ನಾನು ಹಿತ್ತಲಿಗೆ ಹೋಗ್ತೀನಿ, ಆಮ್ಯಾಲೆ ಒತ್ತು. ಅಲ್ಲಿಗೆ ಕೇಳತೈತೋ ಇಲ್ಲೋ ನೋಡಬೇಕು," ಎಂದರು. ನಾನೂ ಅವರ ಹಿಂದೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತೆವು.

"ರೀ."

ಸ್ಪಷ್ಟವಾಗಿ ಕೇಳಿಸಿತು. ನಾನು ಭಾವನನ್ನು ನೋಡಿದೆ. ಅಲುಗಾಡಲಿಲ್ಲ.

"ರೀ."

"ಹೂಂ," ಎಂದರು, ಅವರಿಗಷ್ಟೇ ಕೇಳುವ ಹಾಗೆ.

"ರೀ."

ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸತೊಡಗಿದರು. ಈ ಸಲ ಅದನ್ನು ಒರೆಸಲೇಬೇಕಾಗಿತ್ತು.

"ಕೇಳತೈತಲ್ಲ ಭಾವ, ಹೋಗ್ರಿ ಮತ್ತ," ಎಂದೆ.

"ತಡಿ. ಇನ್ನೊಂದೈತೆ."

ನಾಲ್ಕನೆಯದು ಬಂತು. "ಬಂದೆ, ಬಂದೆ," ಎನ್ನುತ್ತ ಭಾವ ಓಡಿಯೇ ಹೋದರು. ಒಂದ್ಸಲ ಕರೆದರೆ ಸಾಕಾಗಲ್ಲೇನು ಎಂಬುದನ್ನು ಮಾತ್ರ ಆ ದಿನ ಹೇಳಲಿಲ್ಲ.