ದೆವ್ವಿನ ಹಬ್ಬಕ್ಕ ಏನ್ ಕೊಡೂದು?

ನೀಲಗಂಗವ್ವ: ಇಳಸು. ಮದಲ ಆ ಬಾಂಡ್ಲಿ ಇಳಸು!

ಸಿದ್ದಲಿಂಗವ್ವ: ಒಲಿ ಇನ್ನಾ ಹಚ್ಚೇ ಇಲ್ಲಲ್ಲ ಅಕ್ಕಾ.

ನೀಲಗಂಗವ್ವ: ಹಚ್ಚಿದ ಮ್ಯಾಲ ಹೇಳಿದ್ರ ಏನ್ ಬಂತು? ನನ್ನ ತಮ್ಮ ಹೋಗಿ ವರ್ಷ ತುಂಬಿಲ್ಲ. ವರ್ಷ ತುಂಬೂತನಕ ಸತ್ತ ಮನ್ಯಾಗ ಎಣ್ಣಿ ಬಾಂಡ್ಲಿ ಇಡಬಾರದು, ಹಬ್ಬ ಮಾಡಬಾರದು, ಸಿಹಿ ಹಂಚಬಾರದು. ಇಳಕಲ್ಲಿನ ಮಂದಿ ಏನ್ ಅಂದಾರು?

ಸಿದ್ದಲಿಂಗವ್ವ: ಇದು ನಮ್ಮ ಹಬ್ಬ ಅಲ್ಲಕ್ಕಾ. ದೆವ್ವಿನ ಹಬ್ಬ.

ನೀಲಗಂಗವ್ವ: ಅಯ್ಯ ಶಿವನ! ಅದೊಂದು ಕಡಿಮಿ ಆಗಿತ್ತು ಈ ಮನಿಗೆ.

ನೀಲಗಂಗವ್ವ ಈ ಮನೆಯ ಮಗಳು, ಗುಳೇದಗುಡ್ಡಕ್ಕೆ ಮದುವೆಯಾಗಿ ಹೋದವಳು. ತಮ್ಮ ಸೋಮಲಿಂಗ ತೀರಿಕೊಂಡಾಗಿನಿಂದ ಹಬ್ಬ ಹತ್ತಿರ ಬಂತೆಂದರೆ ಬಸ್ಸು ಹತ್ತಿ ಇಳಕಲ್ಲಿಗೆ ಬರುತ್ತಿದ್ದಳು. ಹಬ್ಬ ಮಾಡಲು ಅಲ್ಲ. ತಮ್ಮನ ಹೆಂಡತಿ ಹಬ್ಬ ಮಾಡದೆ ಇರುವುದನ್ನು ನೋಡಿಕೊಂಡು ಹೋಗಲು. ಪಂಚಮಿ ಮಾಡದಂತೆ ನೋಡಿಕೊಂಡಳು, ಚೌತಿ ಮಾಡದಂತೆ ನೋಡಿಕೊಂಡಳು. ದೀಪಾವಳಿಯನ್ನೂ ಸುಸೂತ್ರವಾಗಿ ಮಾಡದೆ ಮುಗಿಸಿ, ನಾಲ್ಕು ದಿನ ಹೆಚ್ಚೇ ಉಳಿದು, ಈಗ ಚೀಲ ಕಟ್ಟಿ ಹೊರಟಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ಶಹರಬಾನು ಈ ಹೊಸ ಸುದ್ದಿ ತಂದು ಹೊಸ್ತಿಲ ಮೇಲೆ ಕೂತಳು. ಚೀಲ ತಿರುಗಿ ಗೂಟಕ್ಕೆ ಹೋಯಿತು.

ಶಹರಬಾನು: ನಮ್ಮ ಮೊಮ್ಮಗಳು ಆಫ್ರೀನ ಹೇಳಿದ್ಲ್ರಿ ಅಕ್ಕಾರ. ಅವರ ಇಂಗ್ಲಿಷ್ ಸಾಲ್ಯಾಗ ಕಲಿಸ್ಯಾರ. ಹ್ಯಾಲೋವೀನ್ ಅಂತ ಅದರ ಹೆಸರು. ಇವತ್ತ ಸಂಜೀಕ ಓಣಿ ಹುಡುಗ್ರೆಲ್ಲಾ ದೆವ್ವಿನ ವೇಷ ಹಾಕ್ಕೊಂಡು ಮನಿ ಮನಿಗೆ ಬರ್ತಾರ. ಏನರ ತಿನ್ನಾಕ ಕೊಡಬೇಕು.

ನೀಲಗಂಗವ್ವ: ಕೊಡದಿದ್ರ?

ಶಹರಬಾನು: ಕಾಡ್ತಾರಂತ.

ನೀಲಗಂಗವ್ವ: ಹಂಗಾದ್ರ ಇದು ಹೋಳಿ ಆತು! ನಾವು ಸಣ್ಣವರಿದ್ದಾಗ ಕಟಿಗಿ ಕುಳ್ಳು ಕೊಡಲಿಲ್ಲಂದ್ರ ಹುಡುಗ್ರು ಅಂಗಳದಾಗಿನ ಹೊರಸು ಹೊತ್ಕೊಂಡು ಹೋಗಿ ಕಾಮಣ್ಣನ ಬೆಂಕಿಗೆ ಹಾಕತಿದ್ರು. ಒಂದ ವರ್ಷ ನಮ್ಮಪ್ಪ ಹೊರಸಿನ ಮ್ಯಾಲ ಮಲಗಿದ್ದ.

ಶಹರಬಾನು: ಯಾ ಅಲ್ಲಾ! ಮತ್ತ?

ನೀಲಗಂಗವ್ವ: ಮತ್ತೇನು, ಅಪ್ಪನ್ನ ಇಳಿಸಿಟ್ಟು ಹೊರಸು ಒಯ್ದ್ರು. ಮರ್ಯಾದಿ ಇದ್ದ ಹುಡುಗ್ರು.

ಸಿದ್ದಲಿಂಗವ್ವ: ಹೋಳ್ಯಾಗ ಕದೀತಾವ. ಇವು ಕೇಳಿ ತಗೋತಾವ.

ನೀಲಗಂಗವ್ವ: ಕೇಳಿ ತಗೊಳ್ಳೂ ದೆವ್ವ ನಾ ಎಲ್ಲೂ ನೋಡಿಲ್ಲ. ಹಬ್ಬ ಅಂದ ಮ್ಯಾಲ ಹಬ್ಬ. ಮುಗೀತು.

ಸಿದ್ದಲಿಂಗವ್ವ: ಹಬ್ಬಕ್ಕ ದೇವರ ಬೇಕು. ಇದಕ್ಕ ದೇವರಿಲ್ಲ, ಪೂಜಿಲ್ಲ, ಎಣ್ಣಿ ನೀರಿಲ್ಲ. ಸಾಲಿ ಸೂಟಿ ಸೈತ ಇಲ್ಲ. ಸೂಟಿ ಇಲ್ಲದ್ದು ಯಾವ ಹಬ್ಬ?

ಶಹರಬಾನು: ಖರೆ ಮಾತ್ರಿ. ಸೂಟಿ ಇಲ್ಲಂದ್ರ ಸರಕಾರನೂ ಒಪ್ಪಿಲ್ಲ.

ನೀಲಗಂಗವ್ವ: ನೀ ಸುಮ್ನಿರ ಬಾನು. ನಿಮ್ಮಲ್ಲಿ ದೆವ್ವಿಗೆ ಹಬ್ಬ ಮಾಡ್ತಾರೇನು?

ಶಹರಬಾನು: ಇಲ್ರಿ ಅಕ್ಕಾರ. ನಮ್ಮಲ್ಲಿ ದೆವ್ವ ಬಿಡಸ್ತಾರ. ಕರದು ತಾಟ ಹಾಕೂದಿಲ್ಲ.

ನೀಲಗಂಗವ್ವ: ಅದ ಮತ್ತ! ಇಕಿ ನೋಡು, ಸತ್ತ ಮನಿ ಬಾಗಿಲಾ ತಗದು ದೆವ್ವಿಗೆ ಬರ್ರಿ ಬರ್ರಿ ಅಂತಾಳ. ನಾ ಕೇಳ್ತೇನಿ, ಯಾಕ? ಓಣ್ಯಾಗ ಅಷ್ಟು ಮನಿ ಅದಾವ. ಅವರು ಕೊಡ್ಲಿ. ನಿನಗ ಎದಕ್ಕ ಬೇಕು?

ಸಿದ್ದಲಿಂಗವ್ವ ಬಾಗಿಲ ಕಟ್ಟೆಯ ಕಡೆ ನೋಡಿದಳು. ಸೋಮಲಿಂಗ ಇದ್ದಾಗ ಗ್ರಾನೈಟ್ ಪಾಲಿಶ್ ಕೆಲಸ ಮುಗಿಸಿ, ರೆಪ್ಪೆಯ ಮೇಲಿನ ಕಲ್ಲಿನ ಹುಡಿ ಸಹ ತೊಳೆಯದೆ ಬಾಗಿಲ ಕಟ್ಟೆಗೆ ಕೂಡುತ್ತಿದ್ದ. ಬೆಲ್ಲಕ್ಕೆ ನೊಣ ಮುತ್ತಿದಂತೆ ಓಣಿಯ ಮಕ್ಕಳು ಅವನಿಗೆ ಮುತ್ತುತ್ತಿದ್ದವು. ಅವಕ್ಕೆ ಬೈದು ಬೈದು ಸಿದ್ದಲಿಂಗವ್ವನ ಗಂಟಲು ಒಣಗುತ್ತಿತ್ತು. ಅವನು ಹೋದ ಮೇಲೆ ಅದೇ ಮಕ್ಕಳು ಈ ಬಾಗಿಲ ಮುಂದೆ ಚಪ್ಪಲಿ ಸಪ್ಪಳ ಮಾಡದೆ ದಾಟತೊಡಗಿದವು. ದೀಪಾವಳಿಯ ಪಟಾಕಿಯನ್ನೂ ಓಣಿಯ ಆ ತುದಿಗೆ ಒಯ್ದು ಹಾರಿಸಿದವು. ದುಃಖದ ಮನೆ, ಗದ್ದಲ ಮಾಡಬೇಡಿರಿ ಎಂದು ತಾಯಂದಿರು ಕಲಿಸಿದ್ದರು. ಚೆನ್ನಾಗಿಯೇ ಕಲಿಸಿದ್ದರು. ಆ ಸದ್ದಿಲ್ಲದ ಸಂಜೆಗಳಲ್ಲಿ ಅವಳಿಗೆ ಬೈಯಲೂ ಯಾರೂ ಇರಲಿಲ್ಲ.

ಸಿದ್ದಲಿಂಗವ್ವ: ತಗೊಂಡು ಸಾಕಾಗೇತಕ್ಕಾ.

ನೀಲಗಂಗವ್ವ: ಏನ್ ತಗೊಂಡಿ?

ಸಿದ್ದಲಿಂಗವ್ವ: ಎಲ್ಲಾ. ನೀವು ಹಬ್ಬ ಮಾಡೂಹಂಗಿಲ್ಲಂತ ಪಂಚಮಿಗೆ ಮಂದಿ ಉಂಡಿ ತಂದು ಕೊಟ್ರು. ತಗೊಂಡ್ನಿ. ರಂಜಾನಕ್ಕ ಬಾನು ಶಾವಿಗಿ ಸುರುಕುಂಬಾ ಕೊಟ್ಲು. ತಗೊಂಡ್ನಿ. ದೀಪಾವಳಿಗೆ ಕರಚಿಕಾಯಿ ತಗೊಂಡ್ನಿ. ಎಲ್ಲಾರ ತಾಟೂ ತೊಳದು ಖಾಲಿ ಹೊಳ್ಳಿ ಕೊಟ್ಟೇನಿ. ನಮ್ಮತ್ತಿ ಇದ್ದಾಗ ಮಂದಿ ತಾಟಿನಾಗ ಒಂದ ಚಿಟಿಕಿ ಉಪ್ಪರ ಇಡದ ಕಳಸತಿದ್ದಿಲ್ಲ. ನನಗ ಒಂದ ಸಲ ಕೊಡಬೇಕಾಗೇತಿ. ಯಾರರ ನನ್ನ ಬಾಗಿಲಿಗೆ ಬಂದು ಕೊಡು ಅನ್ನಬೇಕು. ದೆವ್ವ ಆದ್ರೂ ನಡೀತೈತಿ.

ಶಹರಬಾನು ಹೊಸ್ತಿಲ ಮೇಲಿನ ಇಲ್ಲದ ಕಸವನ್ನು ಕೈಯಿಂದ ಬಳಿಯತೊಡಗಿದಳು. ನೀಲಗಂಗವ್ವ ಸೆರಗು ಸರಿಮಾಡಿಕೊಂಡಳು. ಅವಳು ಸೋತಾಗ ಮೊದಲು ಸೆರಗು ಸರಿಮಾಡಿಕೊಳ್ಳುತ್ತಾಳೆ, ಆಮೇಲೆ ಬೇರೆ ಕಡೆಯಿಂದ ಏರಿ ಬರುತ್ತಾಳೆ.

ನೀಲಗಂಗವ್ವ: ಹಂಗಾದ್ರ ಏನ್ ಕೊಡಾಕಿ?

ಸಿದ್ದಲಿಂಗವ್ವ: ಶೇಂಗಾ ಉಂಡಿ. ಅದಕ್ಕ ಬಾಂಡ್ಲಿ ಬ್ಯಾಡ.

ನೀಲಗಂಗವ್ವ: ಪಂಚಮಿದು.

ಸಿದ್ದಲಿಂಗವ್ವ: ಶಂಕರಪಾಳಿ?

ನೀಲಗಂಗವ್ವ: ದೀಪಾವಳಿದು. ಅದೂ ಕರದದ್ದು.

ಸಿದ್ದಲಿಂಗವ್ವ: ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ?

ನೀಲಗಂಗವ್ವ: ಭೋಗಿದು.

ಸಿದ್ದಲಿಂಗವ್ವ: ಕೋಡಬಳಿ?

ನೀಲಗಂಗವ್ವ: ಕಾರಹುಣ್ಣಿಮಿದು. ಎತ್ತಿನ ಕೋಡಿಗೆ ಹಾಕೂದನ್ನ ದೆವ್ವಿನ ಬಾಯಾಗ ಹಾಕ್ತೀಯೇನು?

ಶಹರಬಾನು: ಸುರುಕುಂಬಾ ಮಾಡೂಣ್ರಿ. ಹಾಲು ನಾ ಕೊಡ್ತೇನಿ.

ನೀಲಗಂಗವ್ವ: ರಂಜಾನದ್ದು! ನಿನ್ನ ಹಬ್ಬಾನೂ ನಿನಗ ನಾನ ಹೇಳಬೇಕೇನ?

ಶಹರಬಾನು: ಬ್ರೆಡ್ಡು, ಬಿಸ್ಕೀಟು?

ನೀಲಗಂಗವ್ವ: ದವಾಖಾನಿದು. ಹುಡುಗ್ರ ಕೈಯಾಗ ಬ್ರೆಡ್ಡ ಕಂಡ್ರ, ಯಾರು ಮಲಗ್ಯಾರ, ಗುಲಕೋಸ್ ಹಚ್ಯಾರೇನು ಅಂತ ಓಣಿ ತುಂಬ ಕೇಳ್ತಾರ.

ಶಹರಬಾನು: ಬಾಳಿಹಣ್ಣು?

ನೀಲಗಂಗವ್ವ: ಗುಡಿದು.

ಶಹರಬಾನು: ಹೋಗ್ಲಿ, ಚುರುಮುರಿ?

ನೀಲಗಂಗವ್ವ: ಹೆಣದ ಮುಂದ ತೂರೂದು!

ಆ ದಿನ ಸೋಮಲಿಂಗನ ಮುಂದೆ ತೂರಿದ ಚುರುಮುರಿ ಮೂವರ ಕಣ್ಣ ಮುಂದೂ ಬಂದಿರಬೇಕು. ಶಹರಬಾನು ಮೆಲ್ಲಗೆ ಬಾಯಿ ತೆರೆದಳು.

ಶಹರಬಾನು: ಹಂಗ ನೋಡಿದ್ರ... ದೆವ್ವಿಗೆ ಅದ ಸರಿ ಅಲ್ಲೇನ್ರಿ?

ನೀಲಗಂಗವ್ವನಿಗೆ ನಗು ಬಂತು. ಅವಳು ಅದನ್ನು ಕೆಮ್ಮು ಮಾಡಿ ಹೊರಗೆ ಹಾಕಿದಳು.

ಸಿದ್ದಲಿಂಗವ್ವ: ಅಕ್ಕಾ, ನೀನ ಹೇಳು. ಯಾವ ಹಬ್ಬಕ್ಕೂ ಸೇರದ್ದು, ಯಾವ ಸಾವಿಗೂ ಸೇರದ್ದು ಈ ಊರಾಗ ಏನೈತಿ? ಅದನ್ನ ಕೊಡ್ತೇನಿ.

ನೀಲಗಂಗವ್ವ ಕಣ್ಣು ಮುಚ್ಚಿದಳು. ಕಾರಹುಣ್ಣಿಮೆಯಿಂದ ಹೋಳಿಯವರೆಗೆ ವರ್ಷವನ್ನೆಲ್ಲ ಒಂದು ಸುತ್ತು ಹಾಕಿದಳು. ನಡುವೆ ಎಲ್ಲೋ ಬಸ್‌ಸ್ಟ್ಯಾಂಡಿನಲ್ಲಿ ಇಳಿದಿರಬೇಕು, ಕಣ್ಣು ತೆರೆದಳು.

ನೀಲಗಂಗವ್ವ: ಮಿರ್ಚಿ.

ಸಿದ್ದಲಿಂಗವ್ವ: ಮಿರ್ಚಿ ಭಜಿ?

ನೀಲಗಂಗವ್ವ: ಅದಕ್ಕ ಹಬ್ಬಿಲ್ಲ, ಹುಣ್ಣಿಮಿಲ್ಲ, ತಿಥಿ ಇಲ್ಲ. ಬಸ್ ತಪ್ಪಿದವರೂ ತಿಂತಾರ, ಬಸ್ ಸಿಕ್ಕವರೂ ತಿಂತಾರ. ಸಿಹಿನೂ ಅಲ್ಲ.

ಶಹರಬಾನು: ಹುಡುಗ್ರಿಗೆ ಖಾರ ಆಗ್ತೈತಲ್ರಿ ಅಕ್ಕಾರ.

ನೀಲಗಂಗವ್ವ: ಹುಡುಗ್ರಿಗೆ ಯಾರು ಕೊಡ್ತಾರ? ದೆವ್ವಿಗೆ ಕೊಡೂದು. ದೆವ್ವಿಗೆ ಖಾರ ಹತ್ತೂದಿಲ್ಲ.

ಸಿದ್ದಲಿಂಗವ್ವ: ಬಾಂಡ್ಲಿ?

ನೀಲಗಂಗವ್ವ: ಬಾನು ಮನ್ಯಾಗ ಇಡ್ರಿ. ಅವರ ಒಲಿ ಯಾಕ ಉಪಾಸ ಇರಬೇಕು?

ಸಿದ್ದಲಿಂಗವ್ವ: ಹಿಟ್ಟು ನಂದು, ಮೆಣಸಿನಕಾಯಿ ನಂದು, ಎಣ್ಣಿ ನಂದು. ಕೊಡೂದು ನನ್ನ ಬಾಗಲದಾಗ.

ಶಹರಬಾನು: ಗ್ಯಾಸ್ ನಂದು. ಅದನ್ನ ಯಾರೂ ಹೇಳೂದಿಲ್ಲ.

ಸಂಜೆಯಾಯಿತು. ಬುಟ್ಟಿ ತುಂಬ ಬಿಸಿ ಮಿರ್ಚಿ ಇಟ್ಟುಕೊಂಡು ಸಿದ್ದಲಿಂಗವ್ವ ಬಾಗಿಲ ಒಳಗೆ ನಿಂತಳು. ನೀಲಗಂಗವ್ವ ಗೋಡೆಗೆ ಒರಗಿ, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಕೂತು, ಕಿಟಕಿಯಿಂದ ಓಣಿಯನ್ನೆಲ್ಲ ನೋಡುತ್ತಿದ್ದಳು. ದೆವ್ವಗಳು ಬಂದವು. ಒಂದು ಅಪ್ಪನ ಬಿಳಿ ಲುಂಗಿಗೆ ಕಣ್ಣಿನ ತೂತು ಹಾಕಿಕೊಂಡಿತ್ತು. ಒಂದು ಅವ್ವನ ಕಾಡಿಗೆಯನ್ನೆಲ್ಲ ಮುಗಿಸಿತ್ತು. ಇನ್ನೊಂದು ಮುಖದ ತುಂಬ ವಿಭೂತಿ ಬಡಿದುಕೊಂಡಿತ್ತು.

ನೀಲಗಂಗವ್ವ: ನೋಡ ಇದನ್ನ! ವಿಭೂತಿ ಕಂಡ್ರ ದೆವ್ವ ಓಡ್ತಾವ ಅಂತಾರ. ಇದು ಬಡಕೊಂಡು ಬಂದೈತಿ.

ಶಹರಬಾನುವಿನ ಬಾಗಿಲಲ್ಲಿ ದೆವ್ವಗಳು ಕೂಗಿದವು, ಕುಣಿದವು, ಚಾಕಲೇಟು ಇಸಿದುಕೊಂಡವು. ಈ ಬಾಗಿಲು ಬಂತು. ಲುಂಗಿಯ ದೆವ್ವ ಬಾಯಿಯ ಮೇಲೆ ಬೆರಳಿಟ್ಟು ಶ್ ಅಂದಿತು. ಎಲ್ಲ ದೆವ್ವಗಳೂ ಚಪ್ಪಲಿ ಕೈಯಲ್ಲಿ ಹಿಡಿದು, ಸಾಲು ಹಚ್ಚಿ, ಸದ್ದಿಲ್ಲದೆ ದಾಟಿದವು.

ಕರೆಯಬೇಕೆಂದು ಸಿದ್ದಲಿಂಗವ್ವ ಬಾಯಿ ತೆರೆದಳು. ದನಿ ಬರಲಿಲ್ಲ. ಇಷ್ಟು ತಿಂಗಳು ಆ ದನಿಗೆ ಕೆಲಸವೇ ಇರಲಿಲ್ಲ.

ಸಿದ್ದಲಿಂಗವ್ವ: ಹೋಗ್ಲಿ ಬಿಡಕ್ಕಾ. ನೀ ಹೇಳಿದ್ದ ಖರೆ. ಸತ್ತ ಮನಿ ಇದು. ರಾತ್ರಿ ರೊಟ್ಟಿಗೆ ಇದ ಪಲ್ಯ ಆತು.

ಅವಳು ಬುಟ್ಟಿಯ ಮೇಲೆ ಅರಿವೆ ಮುಚ್ಚಿದಳು. ನೀಲಗಂಗವ್ವ ಎದ್ದಳು. ಮೊಣಕಾಲು ಲಟಲಟ ಅಂದವು. ಸೆರಗನ್ನು ಸರಿಮಾಡಿಕೊಳ್ಳಲಿಲ್ಲ, ಸೊಂಟಕ್ಕೆ ಬಿಗಿದಳು. ಬೀದಿಗೇ ಇಳಿದಳು.

ನೀಲಗಂಗವ್ವ: ಏ ದೆವ್ವಗೋಳ! ನಿಂದರ್ರಿ ಅಲ್ಲೇ!

ದೆವ್ವಗಳು ಹೆದರಿ ನಿಂತವು.

ನೀಲಗಂಗವ್ವ: ಅಕಡಿ ಮನಿ ಆತು, ಇಕಡಿ ಮನಿಗೆ ಹೊಂಟೀರಿ. ನಡುವ ನಮ್ಮ ಮನಿ ಕಾಣಲಿಲ್ಲೇನು? ನಾ ಹುಟ್ಟಿದ ಮನಿ ಅದು. ದೆವ್ವ ಸೈತ ಹೊಗದಂಥ ಮನಿ ಆತೇನು ನಮ್ಮದು?

ಲುಂಗಿ ದೆವ್ವ: ಅಲ್ರೀ ಅಜ್ಜಿ... ಅದು ದುಃಖದ ಮನಿ, ಹೋಗಬ್ಯಾಡ ಅಂತ ನಮ್ಮವ್ವ ಹೇಳ್ಯಾಳ್ರಿ.

ನೀಲಗಂಗವ್ವ: ನಿಮ್ಮವ್ವ ಹೇಳಿದ್ದು ಮಕ್ಕಳಿಗೆ. ನೀವು ಮಕ್ಕಳೇನು?

ಲುಂಗಿ ದೆವ್ವ: ಅಲ್ರಿ. ದೆವ್ವ್ರಿ.

ನೀಲಗಂಗವ್ವ: ದುಃಖದ ಮನಿಗೆ ದೆವ್ವ ಬರದ ಮತ್ತ್ಯಾರು ಬರ್ತಾರ? ಹೊಳ್ರಿ ಹಿಂದಕ್ಕ! ಚಪ್ಪಲಿ ಕಾಲಾಗ ಹಾಕ್ರಿ. ಸಪ್ಪಳ ಮಾಡ್ಕೋತ ಬರ್ರಿ.

ದೆವ್ವಗಳು ಮಕ್ಕಳಂತೆ ಹಿಂದಿರುಗಿದವು. ಕಟ್ಟೆಯ ತುಂಬ ಕೂತು, ಗುಂಪಾಗಿ ಕೈ ಚಾಚಿ ‘ಕೊಡು ಯವ್ವಾ, ಕೊಡು’ ಎಂದು ಕೂಗಿದವು. ಸಿದ್ದಲಿಂಗವ್ವ ಬುಟ್ಟಿ ಬರಿದಾಗುವ ತನಕ ಕೊಟ್ಟಳು. ಒಂದು ಮಿರ್ಚಿಯೂ ಕೆಳಗೆ ಬೀಳಲಿಲ್ಲ. ಮೊದಲು ಲುಂಗಿಯ ದೆವ್ವ ಕಚ್ಚಿತು. ಲುಂಗಿ ಕಿತ್ತೊಗೆದು ಕುಣಿಯಿತು. ಕಾಡಿಗೆಯ ದೆವ್ವ ಅಳುತ್ತ ಕಪ್ಪು ನೀರು ಇಳಿಸಿತು. ವಿಭೂತಿಯ ದೆವ್ವ ನಾಲಗೆ ಹೊರಗೆ ಹಾಕಿ ನೆಲಕ್ಕೆ ಕೂತಿತು. ಸೋಮಲಿಂಗ ಸತ್ತ ದಿನ ಸಹ ಈ ಕಟ್ಟೆಯ ಮೇಲೆ ಇಷ್ಟು ಮಂದಿ ಇಷ್ಟು ಮನಸ್ಸಿಟ್ಟು ಅತ್ತಿರಲಿಲ್ಲ. ಗದ್ದಲ ಕೇಳಿ ಶಹರಬಾನು ತನ್ನ ಬಾಗಿಲಿನಿಂದ ಓಡಿ ಬಂದಳು.

ಶಹರಬಾನು: ಹೇಳಲಿಲ್ಲೇನ್ರಿ ನಾ? ನೀರು, ನೀರು!

ನೀಲಗಂಗವ್ವ: ನೀರಿಗೆ ಎಲ್ಲಿ ಇಳೀತೈತಿ! ಸಿದ್ದವ್ವ, ಸಕ್ಕರಿ ತಾ! ಡಬ್ಬೀನ ತಾ! ಬಾಯಿ ತಗೀರಲೇ ದೆವ್ವಗೋಳ!

ಡಬ್ಬಿ ಬಂತು. ನೀಲಗಂಗವ್ವ ತಾನೇ ಹಿಡಿ ಹಿಡಿ ಸಕ್ಕರೆ ತೆಗೆದು ಒಂದೊಂದು ಬಾಯಿಗೂ ಸುರಿದಳು. ಸಿದ್ದಲಿಂಗವ್ವ ನೋಡಿದಳು. ಮತ್ತೆ ನೋಡಿದಳು.

ಸಿದ್ದಲಿಂಗವ್ವ: ಅಕ್ಕಾ.

ನೀಲಗಂಗವ್ವ: ಏನ?

ಸಿದ್ದಲಿಂಗವ್ವ: ಸತ್ತ ಮನ್ಯಾಗ ಸಿಹಿ ಹಂಚಾಕ ಹತ್ತೀಯಲ್ಲ.

ನೀಲಗಂಗವ್ವನ ಕೈ ಡಬ್ಬಿಯೊಳಗೇ ನಿಂತಿತು.

ನೀಲಗಂಗವ್ವ: ಇದು ಸಿಹಿ ಅಲ್ಲ. ಔಷಧ.

ಸಿದ್ದಲಿಂಗವ್ವ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿಯಲ್ಲಿ, ಕೊನೆಗೆ ಬಾಗಿಲ ಚೌಕಟ್ಟು ಹಿಡಿದುಕೊಂಡು. ನಗು ಎಲ್ಲಿ ಮುಗಿದು ಅಳು ಎಲ್ಲಿ ಹತ್ತಿತೋ ಅವಳಿಗೂ ತಿಳಿಯಲಿಲ್ಲ. ಮಕ್ಕಳಿಗಂತೂ ಮಿರ್ಚಿ ಅವಳಿಗೂ ಹತ್ತಿದೆ ಎನಿಸಿತು. ವಿಭೂತಿಯ ದೆವ್ವ ಸಕ್ಕರೆ ಮೆತ್ತಿದ ತುಟಿ ನೆಕ್ಕುತ್ತ ಎದ್ದಿತು.

ವಿಭೂತಿ ದೆವ್ವ: ಅಜ್ಜಿ, ನಾಳೆನೂ ಬರೂಣೇನ್ರಿ?

ನೀಲಗಂಗವ್ವ: ನಾಳೆ ಯಾವ ಹಬ್ಬಲೇ?

ವಿಭೂತಿ ದೆವ್ವ: ಹಬ್ಬ ಇಲ್ರಿ. ಸುಮ್ನ.

ನೀಲಗಂಗವ್ವ ತಮ್ಮನ ಹೆಂಡತಿಯ ಕಡೆ ನೋಡಿದಳು. ಅವಳು ಇನ್ನೂ ಚೌಕಟ್ಟು ಹಿಡಿದುಕೊಂಡೇ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ನೀಲಗಂಗವ್ವ: ಬರ್ರಿ, ಬರ್ರಿ. ಔಷಧ ಅಂದ ಮ್ಯಾಲ ಒಂದ ದಿನಕ್ಕ ಗುಣ ಆಗ್ತೈತೇನು?